ನೊಂದವರ ಮೆಸೇಜ್‌ಗೆ ಉತ್ತರ ಬರೆಯುವುದು ಹೇಗೆ?

ಖಿನ್ನತೆ, ಆತಂಕ, ನಿದ್ದೆಗೆಟ್ಟ ರಾತ್ರಿಗಳನ್ನು ಉಂಡವರೇ ಒಬ್ಬರಿಗೊಬ್ಬರು ಆಸರೆಯಾಗುವ ವಾಟ್ಸಾಪ್ ಗುಂಪುಗಳಿವೆ. ಹೊಸದಾಗಿ ಸೇರಿದವರನ್ನು ಒಂದು ಅಳುಕು ಕಾಡುತ್ತದೆ: ನಾನು ಬರೆದದ್ದು ನೋಯಿಸಿಬಿಟ್ಟರೆ? ಎದುರಿಗೆ ಕೂತಿದ್ದರೆ ದನಿ, ನೋಟ ಮಾತಿನ ಒರಟನ್ನು ತಗ್ಗಿಸುತ್ತವೆ. ಫೋನಿನಲ್ಲಿ ಅಕ್ಷರವೇ ಎಲ್ಲ. ಅಲ್ಲಿನ ವಿನಯಕ್ಕೆ ನನ್ನ ಅಳತೆ ಒಂದೇ: ನಿಮ್ಮ ಉತ್ತರ ಓದಿದ ಮೇಲೂ ಅವರ ಬದುಕಿನ ತೀರ್ಮಾನ ಅವರ ಕೈಯಲ್ಲೇ ಉಳಿದಿರಬೇಕು.

ಹಂತ 1: ಅವರು ಕೇಳುತ್ತಿರುವುದೇನು ನೋಡಿ

"ಯಾರಾದ್ರೂ ಇದ್ದೀರಾ?" ಎಂದವರಿಗೆ ಜೊತೆ ಬೇಕು. "ನಿಮಗೂ ಹೀಗಾಗಿತ್ತಾ?" ಎಂದವರಿಗೆ ಅನುಭವ ಬೇಕು. "ಯಾವ ಡಾಕ್ಟರ ಹತ್ರ ಹೋಗಲಿ?" ಎಂದವರಿಗೆ ಮಾಹಿತಿ ಬೇಕು. ತಿಳಿಯದಿದ್ದರೆ ಕೇಳಿಬಿಡಿ: "ಸುಮ್ಮನೆ ಕೇಳಿಸ್ಕೊಳ್ಳಲಾ, ನನಗೆ ತೋಚಿದ್ದು ಹೇಳಲಾ?"

ಹಂತ 2: "ನೀವು" ಎಂದೇ ಶುರುಮಾಡಿ

ಅವರ ವಯಸ್ಸು, ಊರು ನಿಮಗೆ ಗೊತ್ತಿರುವುದಿಲ್ಲ. ಅವರು ಇಟ್ಟುಕೊಂಡ ಹೆಸರಿನಿಂದಲೇ ಕರೆಯಿರಿ. "ಅಮ್ಮ", "ತಂಗಿ", "ಮಗಾ" ಎಂಬ ಸಲಿಗೆ ಕೆಲವರಿಗೆ ಹಿತ. ಮನೆಯೇ ನೋವಿನ ಮೂಲವಾದವರಿಗೆ ಉಸಿರುಕಟ್ಟು. ಅವರಾಗಿ ಹೇಳದಿದ್ದರೆ ಜಾತಿ, ಮದುವೆ, ಸಂಬಳದ ಮಾತೆತ್ತಬೇಡಿ.

ಹಂತ 3: ಓದಿದ್ದೇನೆ ಎಂದು ತಿಳಿಸಿ

ಒಬ್ಬರು ಹೀಗೆ ಬರೆದರೆನ್ನಿ: "ಮೂರು ದಿನದಿಂದ ಕೆಲಸಕ್ಕೆ ಹೋಗಿಲ್ಲ. ಹಾಸಿಗೆಯಿಂದ ಏಳೋಕೇ ಆಗ್ತಿಲ್ಲ."

ಬೇಡ: "ವಾಕಿಂಗ್ ಹೋಗಿ, ಸರಿಹೋಗುತ್ತೆ", "ನಿಮಗೇನು ಕಮ್ಮಿ?", "ಎಲ್ಲಾ ನಿಮ್ಮ ಭ್ರಮೆ".

ಬರೆಯಬಹುದು: "ಏಳೋದೇ ಇಷ್ಟು ಕಷ್ಟವಾಗಿರುವಾಗ ಇಲ್ಲಿ ಬಂದು ಹೇಳಿದ್ದೀರಿ. ಓದಿದೆ. ಈ ಮೂರು ದಿನ ತುಂಬಾ ಭಾರ ಅನ್ನಿಸಿರಬೇಕು."

ಖಿನ್ನತೆಯಲ್ಲಿ ಮೈ ಏಳದಿರುವುದು ಕಾಯಿಲೆಯ ಲಕ್ಷಣ. ಅದನ್ನು ಸೋಮಾರಿತನ ಎಂದರೆ ಮೊದಲೇ ಇರುವ ತಪ್ಪಿತಸ್ಥ ಭಾವ ಇಮ್ಮಡಿಯಾಗುತ್ತದೆ. "ಧೈರ್ಯವಾಗಿರಿ" ಎಂಬ ಮಾತೂ ಅಷ್ಟೇ: ಪ್ರೀತಿಯಿಂದಲೇ ಬಂದಿರುತ್ತದೆ, ಆದರೆ ಧೈರ್ಯ ಕಳೆದುಕೊಂಡವರು ಮುಂದೆ ಹೇಳಬೇಕಿದ್ದನ್ನು ನುಂಗಿಕೊಳ್ಳುತ್ತಾರೆ.

ಹಂತ 4: "ಯಾಕೆ" ಕಡಿಮೆ ಮಾಡಿ

"ಯಾಕೆ ಮಾತ್ರೆ ತಗೊಂಡಿಲ್ಲ?" ಎಂದರೆ ವಿಚಾರಣೆಯಂತೆ ಕೇಳಿಸುತ್ತದೆ. "ಮಾತ್ರೆ ತಗೊಳ್ಳೋಕೆ ಏನು ಕಷ್ಟ ಆಗ್ತಿದೆ?" ಎಂದರೆ ಉತ್ತರಕ್ಕೆ ಜಾಗ ಸಿಗುತ್ತದೆ. ಒಂದು ಸಲಕ್ಕೆ ಒಂದೇ ಪ್ರಶ್ನೆ ಸಾಕು. ಜೊತೆಗೆ, "ಹೇಳೋಕೆ ಇಷ್ಟವಿಲ್ಲದಿದ್ರೆ ಪರವಾಗಿಲ್ಲ" ಎಂದು ಸೇರಿಸಿ.

ಹಂತ 5: ಕೇಳಿ ಸಲಹೆ ಕೊಡಿ

"ನೀವು ಹೀಗೆ ಮಾಡಲೇಬೇಕು" ಎನ್ನುವ ಬದಲು, "ನನಗೆ ಇದು ಸ್ವಲ್ಪ ನೆರವಾಗಿತ್ತು, ನಿಮಗೆ ಹೊಂದದೆಯೂ ಇರಬಹುದು. ಹೇಳಲಾ?" ಎನ್ನಿ. ನಿಮ್ಮ ಕಥೆ ಎರಡು ಮೂರು ಸಾಲು ಮೀರದಿರಲಿ. ಮಾತು ಮತ್ತೆ ಅವರತ್ತ ತಿರುಗಲಿ.

ಮಾತ್ರೆಯ ಪ್ರಮಾಣ ಬದಲಿಸಿ, ನಿಲ್ಲಿಸಿ ಎಂದು ಎಂದಿಗೂ ಬರೆಯಬೇಡಿ. ಖಿನ್ನತೆಯ ಮಾತ್ರೆಗಳು ಪರಿಣಾಮ ತೋರಲು ಕೆಲವು ವಾರ ಹಿಡಿಯುತ್ತದೆ. ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಚಡಪಡಿಕೆ ಬರಬಹುದು. "ಇದನ್ನ ಡಾಕ್ಟರಿಗೆ ಹೇಳಿ ನೋಡ್ತೀರಾ?" ಎಂಬಲ್ಲಿಗೆ ನಿಲ್ಲಿಸಿ.

ಹಂತ 6: ಜೀವದ ಪ್ರಶ್ನೆ ಬಂದಾಗ ನೇರವಾಗಿ ಕೇಳಿ

"ಸಾಕಾಗಿದೆ, ನಾನಿಲ್ಲದಿದ್ರೆ ಎಲ್ಲರಿಗೂ ನೆಮ್ಮದಿ" ಎಂಬಂಥ ಮಾತು ಕಂಡರೆ ಸುತ್ತುಬಳಸು ಬೇಡ. "ಸಾಯೋ ಯೋಚನೆ ಬರ್ತಿದೆಯಾ? ನನ್ನ ಹತ್ರ ಹೇಳಬಹುದು" ಎಂದು ಬರೆಯಿರಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಸಲ ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ.

ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಕೊಡಿ. 2022ರ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾದ ಈ ಸರ್ಕಾರಿ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಿ. ಹಗಲೂ ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಪ್ರಾಣಕ್ಕೆ ಈಗಲೇ ಅಪಾಯವಿದ್ದರೆ 112. ವಿದೇಶದಲ್ಲಿದ್ದರೆ ಅಲ್ಲಿನ ತುರ್ತು ಸಂಖ್ಯೆ. ಗುಂಪಿನ ಅಡ್ಮಿನ್‌ಗೂ ತಿಳಿಸಿ. ಪೊಲೀಸ್ ಕೇಸಿನ ಭಯವಿದ್ದವರಿಗೆ ಇದನ್ನು ಹೇಳಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸುತ್ತದೆ, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ.

ಹಂತ 7: ಗುಟ್ಟು ಕಾಪಾಡಿ, ಮಿತಿ ತಿಳಿಸಿ

ಗುಂಪಿನ ಮಾತಿನ ಸ್ಕ್ರೀನ್‌ಶಾಟ್ ಹೊರಗೆ ಹೋಗಬಾರದು. ಜೀವ ಉಳಿಸಲು ನೆರವು ಕರೆಯುವುದೊಂದೇ ಇದಕ್ಕೆ ಹೊರತು. ದಣಿದಿದ್ದರೆ, "ನಾನೀಗ ಮಲಗಬೇಕು, ಬೆಳಿಗ್ಗೆ 9ಕ್ಕೆ ಬರ್ತೀನಿ" ಎಂದು ಹೇಳಿ, ಹೇಳಿದ ಹೊತ್ತಿಗೆ ಬನ್ನಿ. ಹೇಳದೆ ಮಾಯವಾದರೆ ಕಾಯುತ್ತಿರುವವರು ತಮ್ಮಿಂದಲೇ ಏನೋ ತಪ್ಪಾಯಿತೆಂದು ಕೊರಗುತ್ತಾರೆ.

ಕಳಿಸುವ ಮುನ್ನ ಒಮ್ಮೆ ಓದಿ: ಇದರಲ್ಲಿ ತೀರ್ಪಿದೆಯೇ? ಅವರಿಗೆ "ಬೇಡ" ಎನ್ನಲು ಅವಕಾಶವಿದೆಯೇ? ಕಾಗುಣಿತ ತಪ್ಪಿದರೂ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೂ ತೊಂದರೆಯಿಲ್ಲ. ಈ ಎರಡು ಪ್ರಶ್ನೆಗೆ ಉತ್ತರ ಸರಿಯಿದ್ದರೆ ಕಳಿಸಿ.