ಆಯಿ ಊರಲ್ಲೇ ಉಳಿದಳು

ಮೆಡಿಕಲ್ ಸೀಟಿಗೆ ಅಂಕ ಬೇಕು, ಖರೆ. ಆದರೆ ಚಿಂಚೋಳಿ ತಾಲೂಕಿನ ಹಳ್ಳಿಯಿಂದ ಹೊರಟು, ಮನೆತನದಲ್ಲೇ ಮೊದಲು ಕಾಲೇಜು ಮೆಟ್ಟಿಲು ಹತ್ತಿ, ಈಗ ಹೌಸ್ ಸರ್ಜನ್ ಆಗಿರುವ ನಾನು ಕಂಡುಕೊಂಡದ್ದು ಬೇರೆ. ನಮ್ಮಂಥವರ ಸೀಟು ಎಷ್ಟೋ ಸಲ ಒಂದನೇ ಇಯತ್ತೆಯಲ್ಲೇ ಕೈಗೆ ಬರುತ್ತದೆ ಇಲ್ಲವೆ ಕೈತಪ್ಪುತ್ತದೆ. ಆಗ ಅದನ್ನು ಹೇಳುವವರು ಯಾರೂ ಮನೆಯಲ್ಲಿರುವುದಿಲ್ಲ.

ನಮ್ಮ ಕಡೆ ತೊಗರಿ ರಾಶಿ ಮುಗಿಯಿತೆಂದರೆ ಜನ ಗುಳೆ ಹೋಗುತ್ತಾರೆ. ಮುಂಬೈ, ಪುಣೆ, ಹೈದರಾಬಾದ್, ಎಲ್ಲಿ ಕಟ್ಟಡದ ಕೆಲಸವಿದೆಯೋ ಅಲ್ಲಿಗೆ. ಅಪ್ಪ ಅವ್ವ ಹೋದಾಗಲೆಲ್ಲ ಆಯಿ, ಅಂದರೆ ನನ್ನ ಅಜ್ಜಿ, ಮಾತ್ರ ನನ್ನನ್ನು ಹಿಡಿದುಕೊಂಡು ಊರಲ್ಲೇ ಉಳಿದಳು. 'ಪೋರಿ ಸಾಲಿ ಬಿಡಬಾರದು' ಅನ್ನುವುದಷ್ಟೇ ಆಕೆಯ ಹಟ. ನನ್ನ ಕಾಕಾನ ಮಗ ತಂದೆ ತಾಯಿಯ ಜೊತೆ ಹೋದ. ಎರಡು ವರ್ಷ ಅಲ್ಲಿಯ ಮರಾಠಿ ಶಾಲೆ, ಮತ್ತೆ ಬಂದು ಇಲ್ಲಿಯ ಕನ್ನಡ ಶಾಲೆ. ಓದಿನಲ್ಲಿ ಅವನು ನನಗಿಂತ ಚುರುಕು.

ಮೆಡಿಕಲ್ ಸೀಟಿನಲ್ಲಿ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದ ಮೀಸಲಾತಿ ಶೇ. 5. ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷದ ಲೆಕ್ಕ ಬೇಕು. ಶಾಲೆಯ ಮುಖ್ಯಗುರುಗಳು ಬರೆದುಕೊಟ್ಟು, ಬಿಇಓ ಸಾಹೇಬರು ಸಹಿ ಹಾಕಬೇಕು. ನನ್ನ ಕಾಗದದಲ್ಲಿ ಹತ್ತೂ ವರ್ಷ ಕೂಡಿ ಬಂದವು, ಅವನದರಲ್ಲಿ ಬರಲಿಲ್ಲ. ಆಯಿಗೆ ಓದಲು ಬರುತ್ತಿರಲಿಲ್ಲ, ಮೀಸಲಾತಿಯ ನಿಯಮವಂತೂ ಗೊತ್ತೇ ಇರಲಿಲ್ಲ. ಆದರೆ ನನ್ನ ಸೀಟಿಗೆ ಆಕೆಯಷ್ಟು ದುಡಿದವರು ಇನ್ನೊಬ್ಬರಿಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟ ಕುಟುಂಬದ ಕೂಸಿಗೇ ಹಳ್ಳಿಯವರ ಮೀಸಲಾತಿ ತಪ್ಪುವುದು ನನಗೆ ಇವತ್ತಿಗೂ ಸಹಿಸಲಾಗದ ಅನ್ಯಾಯ. ಗುಳೆ ಹೋದ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯುವ ನಿಯಮ ಬರಬೇಕು.

ಮೂರನೆಯ ಮೀಸಲಾತಿ 371(ಜೆ)ಯದು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ಕಲಮಿನಂತೆ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ಇಲ್ಲಿಯವರಿಗೆ. ಅದಕ್ಕಾಗಿ ವರ್ಷಗಟ್ಟಲೆ ಬಡಿದಾಡಿದ ವೈಜನಾಥ ಪಾಟೀಲರು ನಮ್ಮ ಚಿಂಚೋಳಿಯಿಂದಲೇ ಶಾಸಕರಾಗಿದ್ದವರು. 1963ರಿಂದ ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಇದ್ದರೂ ನಮ್ಮ ಓಣಿಯವರು ಕಲಬುರಗಿಯ ದವಾಖಾನೆಗಳ ಬಾಗಿಲು ಕಂಡದ್ದು ರೋಗಿಗಳಾಗಿಯೇ. ವಿದ್ಯಾರ್ಥಿಯಾಗಿ ಒಳಗೆ ಹೋಗುವ ದಾರಿ ಸ್ವಲ್ಪವಾದರೂ ಅಗಲವಾದದ್ದು ಈ ಕಲಮಿನಿಂದ. ಪ್ರಮಾಣಪತ್ರ ಕೊಡುವವರು ಸಹಾಯಕ ಆಯುಕ್ತರು, ನಮಗೆ ಅವರ ಕಚೇರಿ ಸೇಡಂನಲ್ಲಿ. ಕಟ್‌ಆಫ್ ಪಟ್ಟಿಯಲ್ಲಿ ಜಾತಿ ವರ್ಗದ ಪಕ್ಕ ಆರ್, ಕೆ, ಎಚ್ ಎಂಬ ಅಕ್ಷರಗಳಿರುತ್ತವಲ್ಲ, ಅವು ಈ ಮೂರು ಕಾಗದಗಳೇ.

ಕಾಗದದಲ್ಲಿ ಎಲ್ಲಕ್ಕಿಂತ ಕಾಡುವುದು ಹೆಸರು. ಅಂಕಪಟ್ಟಿಯಲ್ಲಿ ಶರಣಬಸಪ್ಪ, ಆಧಾರಿನಲ್ಲಿ ಶರಣಪ್ಪ ಅಂತಿದ್ದರೆ ಊರಿನವರಿಗೆ ಇಬ್ಬರೂ ಒಬ್ಬನೇ, ಕಂಪ್ಯೂಟರಿಗೆ ಬೇರೆ ಬೇರೆ. ತಿದ್ದಿಸಲು ವಾರಗಟ್ಟಲೆ ಹಿಡಿಯುತ್ತದೆ, ಕೌನ್ಸೆಲಿಂಗ್‌ನಲ್ಲಿ ಅಷ್ಟು ಪುರುಸೊತ್ತು ಕೊಡುವುದಿಲ್ಲ. ಅಪ್ಪ ಒಂದು ದಿನದ ಕೂಲಿ ಬಿಟ್ಟು ಕಚೇರಿಯ ಮುಂದೆ ಕೂತದ್ದನ್ನು ನೆನೆದರೆ, ಈ ಕೆಲಸ ಎಸ್ಸೆಸ್ಸೆಲ್ಸಿ ನೋಂದಣಿಗೂ ಮೊದಲೇ ಮುಗಿಯಬೇಕಿತ್ತು ಅನ್ನಿಸುತ್ತದೆ.

ಓದಿನ ವಿಷಯಕ್ಕೆ ಬಂದರೆ, ಕನ್ನಡ ಮಾಧ್ಯಮದಿಂದ ಪಿಯುಸಿ ಸೈನ್ಸಿಗೆ ಬಂದವರು ಬೆದರುವುದು ಇಂಗ್ಲಿಷಿಗೆ. ನನಗೆ ದಾರಿ ತೋರಿಸಿದ್ದು ಬಯಾಲಜಿ. ನೀಟ್‌ನ 720 ಅಂಕಗಳಲ್ಲಿ 360 ಅದರದ್ದೇ. ಅದಕ್ಕೆ ಬೇಕಾದ ಎರಡು ವರ್ಷದ ಎನ್‌ಸಿಇಆರ್‌ಟಿ ಪುಸ್ತಕಗಳು ಪಿಯುಸಿಯಲ್ಲಿ ಹೇಗೂ ಕೈಯಲ್ಲಿರುತ್ತವೆ. ಕೋಚಿಂಗಿಗೆ ದುಡ್ಡಿಲ್ಲದವರು ಆ ಎರಡು ಪುಸ್ತಕಗಳನ್ನು ಚಿತ್ರದ ಕೆಳಗಿನ ಸಣ್ಣ ಅಕ್ಷರ ಸಮೇತ ಓದಲಿ. 2017ರಿಂದ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಆದರೆ ಎರಡು ವರ್ಷ ಇಂಗ್ಲಿಷಿನಲ್ಲಿ ಓದಿದ ಪಾಠವನ್ನು ಪರೀಕ್ಷೆಯ ದಿನ ಕನ್ನಡದಲ್ಲಿ ಮೊದಲ ಸಲ ನೋಡಬಾರದು. ಆರಿಸಿಕೊಳ್ಳುವುದಾದರೆ ಮೊದಲಿಂದಲೇ ಎರಡೂ ಭಾಷೆಯಲ್ಲಿ ಅಭ್ಯಾಸವಿರಲಿ.

ಕಾಲೇಜಿಗೆ ಸೇರಿದ ಮೇಲೆ ಮೊದಲ ವರ್ಷದ ಅನಾಟಮಿ ಎಲ್ಲರಿಗೂ ಹೊಸದು. ಡಾಕ್ಟರರ ಮಕ್ಕಳೂ ಹೆಸರುಗಳನ್ನು ಬಾಯಿಪಾಠ ಮಾಡಲೇಬೇಕಿತ್ತು. ಅದು ನನಗೆ ಬಹಳ ಧೈರ್ಯ ಕೊಟ್ಟಿತು. ವಾರ್ಡಿಗೆ ಬಂದಾಗ ಪರಿಸ್ಥಿತಿ ತಿರುಗಿತು. ಸರ್ಕಾರಿ ಕಾಲೇಜಿನ ಶೇ. 15 ಸೀಟು ಅಖಿಲ ಭಾರತ ಕೋಟಾದ್ದು, ಹೀಗಾಗಿ ದೂರದ ರಾಜ್ಯಗಳ ಗೆಳೆಯರು ರೋಗಿಯ ಮುಂದೆ ಮಾತಿಗೆ ತಡವರಿಸುತ್ತಿದ್ದರು. 'ಎದಿ ಹಿಡದಂಗ ಆಗ್ಲಕತ್ತದ, ಯವ್ವಾ' ಅಂತ ವಯಸ್ಸಾದ ಮುತ್ಯಾ ಒಬ್ಬರು ಅಂದರೆ, ಯಾವಾಗಿನಿಂದ, ಯಾವ ಕಡೆ, ಮೆಟ್ಟಿಲು ಹತ್ತಿದರೆ ಹೆಚ್ಚಾಗುತ್ತದಾ ಅಂತ ನಾನು ಅವರ ಮಾತಿನಲ್ಲೇ ಕೇಳಿ ಬರೆದುಕೊಳ್ಳುತ್ತಿದ್ದೆ. ರೌಂಡ್ಸ್‌ನಲ್ಲಿ ಕೇಸ್ ಹಿಸ್ಟರಿ ಚೆನ್ನಾಗಿ ಬಂದದ್ದಕ್ಕೆ ಅದೇ ಕಾರಣ. ಹಳ್ಳಿಯ ಮಾತು ಅಂತ ಪಿಯುಸಿಯಲ್ಲಿ ಬಾಯಿ ಮುಚ್ಚಿಕೊಂಡು ಕೂರುವ ಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ.

ಈಗ ನಮ್ಮೂರಿನ ಹುಡುಗಿಯೊಬ್ಬಳು ದ್ವಿತೀಯ ಪಿಯುಸಿಯಲ್ಲಿದ್ದಾಳೆ. ಅವಳ ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರ ಸಹಿಯಾಗಿ ಬಂದಿದೆ, ಅಪ್ಪನ ಆಧಾರಿನ ಹೆಸರೂ ಸರಿಯಾಗಿದೆ. ಸೇಡಂನ ಕಾಗದ ಒಂದು ಬಾಕಿ. ಹೋಗುವಾಗ ಜೆರಾಕ್ಸ್ ಎರಡು ಪ್ರತಿ ಜಾಸ್ತಿ ತಗೋ ಅಂತ ನಿನ್ನೆ ಫೋನಿನಲ್ಲಿ ಹೇಳಿದ್ದೇನೆ.