ತಟ್ಟೆ ತಿರುಗುತ್ತಿರಲಿ: ಹಳೆಯ ರೆಕಾರ್ಡ್ ಪ್ಲೇಯರ್ ಹವ್ಯಾಸಿಗಳಿಗೆ ಎಂಟು ಸೂತ್ರಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳೆಯ ಮನೆಗಳ ಅಟ್ಟದಲ್ಲಿ ಹಾಡಿನ ಪೆಟ್ಟಿಗೆ ಸಿಗುವ ಕಾಲ ಇನ್ನೂ ಮುಗಿದಿಲ್ಲ. ಕೀಲಿ ಕೊಡುವ ಗ್ರಾಮಾಫೋನಾಗಲಿ, ಎಚ್‌ಎಂವಿ ಫಿಯೆಸ್ಟಾ ಆಗಲಿ, ಫಿಲಿಪ್ಸ್ ಪ್ಲೇಯರಾಗಲಿ, ಈ ಹವ್ಯಾಸದಲ್ಲಿ ಗೆದ್ದಿರೋ ಇಲ್ಲವೋ ಎಂಬುದಕ್ಕೆ ಒಂದೇ ಅಳತೆ: ಯಂತ್ರ ಹಾಡುತ್ತಿರಬೇಕು. ಷೋಕೇಸಿನಲ್ಲಿ ಮೂಕವಾಗಿ ಕೂತ ಹತ್ತು ಯಂತ್ರಗಳಿಗಿಂತ ಸಂಜೆ ಸಂಜೆ ಹಾಡುವ ಒಂದೇ ಮೇಲು.

1. ಮೊದಲು ಹಾಡು, ಆಮೇಲೆ ಯಂತ್ರ.
ಏನು ಕೇಳಬೇಕೆಂದು ತೀರ್ಮಾನಿಸಿದರೆ ಯಾವ ಯಂತ್ರ ಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಟಿ. ಚೌಡಯ್ಯನವರ ಪಿಟೀಲು, ಬಿ.ಎಸ್. ರಾಜಯ್ಯಂಗಾರ್ ಅವರ ದೇವರನಾಮ ಬೇಕೆಂದರೆ 78ರ (ನಿಮಿಷಕ್ಕೆ 78 ಸುತ್ತಿನ) ತಟ್ಟೆ ಹಾಡಿಸುವ ಯಂತ್ರ ಬೇಕು. ಎಪ್ಪತ್ತರ ದಶಕದ ಸಿನಿಮಾ ಹಾಡು ಸಾಕೆಂದರೆ 45 ಮತ್ತು 33ರ ಪ್ಲೇಯರು ಸಾಕು. ಈ ಸೀಮೆಯವರು ಸಂಗ್ರಹಕ್ಕೆ ದಿಕ್ಕು ಹುಡುಕಿ ದೂರ ಹೋಗಬೇಕಿಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿ ದಡದ ಸಂಗೀತಗ್ರಾಮ. ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಅಲ್ಲಿ. ರುದ್ರಪಟ್ಟಣಂ ಸಹೋದರರೆಂದೇ ಹೆಸರಾದ ತ್ಯಾಗರಾಜನ್, ತಾರಾನಾಥನ್ ಅವರ ಮನೆತನದ ಬೇರೂ ಅಲ್ಲಿಯದೇ. ಆರ್.ಕೆ. ಪದ್ಮನಾಭ ಅವರು ಅದೇ ಊರಿನಲ್ಲಿ ತಂಬೂರಿಯ ಆಕಾರದ ಮಂದಿರವನ್ನೇ ಕಟ್ಟಿಸಿದ್ದಾರೆ. ಅರಕಲಗೂಡಿನ ಹೆಸರನ್ನು ಇನಿಷಿಯಲ್ಲಿನಲ್ಲೇ ಹೊತ್ತ ಅನಕೃ ಅವರ ಕಾದಂಬರಿ ‘ಸಂಧ್ಯಾರಾಗ’ 1966ರಲ್ಲಿ ಚಿತ್ರವಾದಾಗ ಅದಕ್ಕೆ ಭೀಮಸೇನ ಜೋಶಿ ಹಾಡಿದರು. ಗೊರೂರರ ಕಥೆಯಿಂದ ‘ಭೂತಯ್ಯನ ಮಗ ಅಯ್ಯು’ ಬಂತು. ಇವುಗಳ ತಟ್ಟೆ ಹುಡುಕುತ್ತಾ ಹೋದರೆ ನಿಮ್ಮ ಸಂಗ್ರಹಕ್ಕೆ ಊರಿನ ಗುರುತು ಬರುತ್ತದೆ. ಕಂಡದ್ದನ್ನೆಲ್ಲ ಕೊಳ್ಳುವವರಿಗೆ ಆ ಗುರುತು ದಕ್ಕುವುದಿಲ್ಲ.

2. ಮುಳ್ಳಿನ ವಿಷಯದಲ್ಲಿ ಜಿಪುಣತನ ಬೇಡ.
78ರ ತಟ್ಟೆಯ ಗೀರು ಅಗಲ, ಎಲ್‌ಪಿಯದು ಸಣ್ಣದು. ಮೊದಲನೆಯದಕ್ಕೆ ಸುಮಾರು 75 ಮೈಕ್ರಾನ್ ತುದಿಯ ಮುಳ್ಳು ಬೇಕು, ಎರಡನೆಯದಕ್ಕೆ 25 ಮೈಕ್ರಾನ್ ಅಥವಾ ಅದಕ್ಕೂ ಸಣ್ಣದು. ಕೀಲಿ ಗ್ರಾಮಾಫೋನಿನ ಉಕ್ಕಿನ ಮುಳ್ಳನ್ನು ಒಂದು ಮಗ್ಗುಲು ಹಾಡಿಸಿದ ಮೇಲೆ ಎಸೆಯಲೇಬೇಕು, ಸವೆದ ಮುಳ್ಳು ತಟ್ಟೆಯನ್ನು ಕೆರೆಯುತ್ತದೆ. ಆ ಯಂತ್ರದ ಮೇಲೆ ಎಲ್‌ಪಿಯನ್ನಂತೂ ಎಂದಿಗೂ ಇಡಬೇಡಿ. ಒಂದೇ ಸಲಕ್ಕೆ ಅದು ಹಾಳಾಗುತ್ತದೆ.

3. ಶ್ರುತಿ ನೋಡಿಯೇ ದುಡ್ಡು ಕೊಡಿ.
ಯಂತ್ರ ತಿರುಗಿದರಷ್ಟೇ ಸಾಲದು, ಸರಿಯಾದ ವೇಗದಲ್ಲಿ ತಿರುಗಬೇಕು. ತಟ್ಟೆಯ ಅಂಚಿಗೆ ಚೂರು ಕಾಗದ ಅಂಟಿಸಿ, ಗಡಿಯಾರ ಹಿಡಿದು ಎಣಿಸಿ. 33⅓ ವೇಗದಲ್ಲಿ ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು ಬರಬೇಕು. ಶೇಕಡಾ 6ರಷ್ಟು ವೇಗ ಹೆಚ್ಚಿದರೂ ಹಾಡು ಒಂದು ಸ್ವರಸ್ಥಾನ ಮೇಲೇರುತ್ತದೆ. ಒಂದು ಕಟ್ಟೆ ಶ್ರುತಿಯಲ್ಲಿ ಹಾಡಿದವರು ಒಂದೂವರೆಯಲ್ಲಿ ಹಾಡಿದಂತೆ ಕೇಳಿಸುತ್ತಾರೆ, ಸಂಗೀತ ಬಲ್ಲವರ ಕಿವಿಗೆ ಅದು ತಕ್ಷಣ ತಟ್ಟುತ್ತದೆ. ಅಮೆರಿಕದಲ್ಲಿರುವ ನೆಂಟರು ಹಳೆಯ ಟರ್ನ್‌ಟೇಬಲ್ ಕಳಿಸುತ್ತೇವೆಂದರೆ ಮೊದಲು ಮೋಟಾರಿನ ಬಗ್ಗೆ ವಿಚಾರಿಸಿ. ಅಲ್ಲಿನ ಕರೆಂಟು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜು ಸರಿಹೋಗುತ್ತದೆಯೇ ಹೊರತು ಹರ್ಟ್ಸ್ ಬದಲಾಗದು. ಹಳೆಯ ಎಸಿ ಮೋಟಾರು ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ಓಡಿ, ಹಾಡು ಮೂರು ಸ್ವರಸ್ಥಾನ ಕುಸಿಯುತ್ತದೆ. ವೇಗ ಏರಿಳಿಯುತ್ತಿದ್ದರೆ ಹೆದರಬೇಡಿ. ಬಹುಪಾಲು ಸಡಿಲಾದ ಬೆಲ್ಟು, ಗಟ್ಟಿಯಾದ ರಬ್ಬರ್ ಚಕ್ರ ಅಥವಾ ಒಣಗಿದ ಎಣ್ಣೆ ಇದಕ್ಕೆ ಕಾರಣ.

4. ಹೊಳೆಯುವ ಹಿತ್ತಾಳೆ ಕಹಳೆಗೆ ಮರುಳಾಗಬೇಡಿ.
ಹೊಸ ಪೆಟ್ಟಿಗೆಗೆ ತೆಳು ಹಿತ್ತಾಳೆಯ ಕಹಳೆ ಸಿಕ್ಕಿಸಿ, ನಾಯಿಯ ಚಿತ್ರ ಅಂಟಿಸಿದ ಗ್ರಾಮಾಫೋನುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಅವು ಅಲಂಕಾರದ ವಸ್ತುಗಳು. ಅದೇ ದುಡ್ಡಿಗೆ 1931ರಲ್ಲಿ ಬಂದ ಎಚ್‌ಎಂವಿ 102ರಂಥ, ಕಹಳೆಯನ್ನು ಒಳಗೇ ಅಡಗಿಸಿಕೊಂಡ ಸೂಟ್‌ಕೇಸ್ ಯಂತ್ರ ಹುಡುಕಿ. ನೋಡಲು ಸಾದಾ, ಹಾಡಲು ಗಟ್ಟಿ. ಕರೆಂಟೂ ಬೇಡ.

5. 78ರ ತಟ್ಟೆಯೆಲ್ಲ ನೂರು ವರ್ಷ ಹಳೆಯದಲ್ಲ.
ಎಲ್‌ಪಿ 1948ರಲ್ಲೇ ಬಂದರೂ ನಮ್ಮ ದೇಶದಲ್ಲಿ 78ರ ತಟ್ಟೆ ಅರವತ್ತರ ದಶಕದಲ್ಲೂ ನಡೆದಿತ್ತು. ಬೀಟಲ್ಸ್ ಹಾಡುಗಳೂ ಇಲ್ಲಿ 78ರಲ್ಲಿ ಬಂದಿವೆ. ವಯಸ್ಸು ಹೇಳಿ ಬೆಲೆ ಏರಿಸುವವರೊಡನೆ ಚೌಕಾಶಿ ಮಾಡಲು ಇಷ್ಟು ತಿಳಿದಿದ್ದರೆ ಸಾಕು.

6. ಮೈಕ್ ಸೆಟ್ಟಿನವರನ್ನು ವಿಚಾರಿಸಿ.
ಮದುವೆ, ಜಾತ್ರೆ, ಗಣಪತಿ ಪೆಂಡಾಲು, ಟೂರಿಂಗ್ ಟಾಕೀಸು: ಹಳ್ಳಿಗಾಡಿನಲ್ಲಿ ಹೆಚ್ಚು ತಟ್ಟೆ ಹಾಡಿಸಿದ್ದು ಇವೇ. ಘಂಟಸಾಲರ ವೆಂಕಟೇಶ ಸ್ತುತಿ ಕೇಳಿದರೆ ಟೆಂಟಿನಲ್ಲಿ ಟಿಕೆಟ್ ಶುರುವಾಯಿತೆಂದು ಊರಿಗೇ ತಿಳಿಯುತ್ತಿತ್ತು. ಹಳೆಯ ಸೌಂಡ್ ಸರ್ವೀಸಿನವರು, ರೇಡಿಯೊ ರಿಪೇರಿಯವರು ಯಂತ್ರವನ್ನೂ ಬಲ್ಲರು, ತಟ್ಟೆ ಯಾರ ಮನೆಯಲ್ಲಿದೆ ಎಂಬುದನ್ನೂ ಬಲ್ಲರು. ಅವರಿಂದ ಬರೀ ಸಾಮಾನು ಕೊಂಡು ಬರಬೇಡಿ, ಪಕ್ಕದಲ್ಲಿ ಕೂತು ಕೆಲಸವನ್ನೂ ಕಲಿಯಿರಿ. ಸ್ಪ್ರಿಂಗಿಗೆ ಗ್ರೀಸು ಹಾಕಬಲ್ಲ ಕೈಗಳು ಈಗ ಕಡಿಮೆ.

7. ಶೀತ, ದೂಳು, ಬಿಸಿಲು ಮೂರನ್ನೂ ದೂರವಿಡಿ.
ಅರಕಲಗೂಡಿನ ಕಡೆ ಮಳೆಗಾಲದ ಬೂಷ್ಟಿನ ಭಯ, ಚನ್ನರಾಯಪಟ್ಟಣದ ಕಡೆ ದೂಳಿನದು. ತಟ್ಟೆಗಳನ್ನು ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ಎಲ್‌ಪಿ ಸೊಟ್ಟಗಾಗುತ್ತದೆ, 78 ಸೀಳುತ್ತದೆ. 78ರ ತಟ್ಟೆ ಅರಗಿನದು, ಸ್ಪಿರಿಟ್ ತಾಗಿದರೆ ಕರಗುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಮೆತ್ತನೆ ಬಟ್ಟೆ ಸಾಕು.

8. ಒಂದು ಮಗ್ಗುಲು ಪೂರ್ತಿ ಕೇಳಿ, ಜೊತೆಗಾರರನ್ನು ಕೂರಿಸಿಕೊಂಡು ಕೇಳಿ.
ಈ ಯಂತ್ರದ ಸೆಳೆತವೆಲ್ಲ ಇಲ್ಲಿದೆ. ಹಾಡು ಹಾರಿಸಲಾಗದು, ನಡುವೆ ಜಾಹೀರಾತು ಬರದು. ಎದ್ದು ಮುಳ್ಳಿಡಬೇಕು, ಮಗ್ಗುಲು ಮುಗಿದಾಗ ಮತ್ತೆ ಏಳಬೇಕು. 78ರ ಒಂದು ಮಗ್ಗುಲಿಗೆ ಸುಮಾರು ಮೂರೇ ನಿಮಿಷ. 1902ರಲ್ಲಿ ಕಲ್ಕತ್ತೆಯಲ್ಲಿ ಮೊದಲ ತಟ್ಟೆಗಳಿಗೆ ಹಾಡಿದ ಗೌಹರ್ ಜಾನ್ ಆ ಅಳತೆಯೊಳಗೆ ರಾಗವನ್ನು ಕೂರಿಸಿ, ಕೊನೆಗೆ ತಮ್ಮ ಹೆಸರನ್ನೂ ತಾವೇ ಹೇಳುತ್ತಿದ್ದರು. ಅವರು ಕೊನೆಯ ದಿನ ಕಳೆದು 1930ರಲ್ಲಿ ತೀರಿಕೊಂಡದ್ದು ನಮ್ಮ ನೆರೆಯ ಮೈಸೂರಿನಲ್ಲಿ. ಅಂಥ ದನಿಯನ್ನು ಇನ್ನೊಂದು ಕೆಲಸ ಮಾಡುತ್ತಾ ಕೇಳುವುದು ಸಲ್ಲ. ವಾರಕ್ಕೊಂದು ಸಂಜೆ ನೆರೆಹೊರೆಯ ಹಿರಿಯರನ್ನು, ಮಕ್ಕಳನ್ನು ಕರೆಯಿರಿ. ಹಾಡಿದವರು ಯಾರು, ನುಡಿಸಿದವರು ಯಾರು ಎಂದು ಹಿರಿಯರು ಹೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮನೆಯಲ್ಲಿ ತಟ್ಟೆಗಳಿದ್ದು ಹಾಡಿಸುವವರಿಲ್ಲದಿದ್ದರೆ, ದಯವಿಟ್ಟು ಗುಜರಿಗೆ ತೂಕಕ್ಕೆ ಹಾಕಬೇಡಿ. ಹಾಡಿಸಬಲ್ಲವರ ಕೈಗೆ ಕೊಡಿ.