ಬೈಕಿನ ಸದ್ದಿಗೆ ಕಿವಿಗೊಡಿ

ಸಂಜಯನಗರದಿಂದ ಹೆಬ್ಬಾಳ ಫ್ಲೈಓವರ್ ಹತ್ತಿ ದಿನವೂ ಕೆಲಸಕ್ಕೆ ಹೋಗುವವರೇ, ಬೈಕಿನಲ್ಲಿ ಹೊಸ ಸದ್ದು ಕೇಳಿಸಿದರೆ ಕಡೆಗಣಿಸಬೇಡಿ, ಗಾಬರಿಯೂ ಬೇಡ. ಮೊದಲು ಆಯಿಲ್ ನೋಡಿ. ಎಂಜಿನ್ ಆಫ್ ಮಾಡಿ, ಗಾಡಿಯನ್ನು ಸಮನೆಲದಲ್ಲಿ ನೇರವಾಗಿ ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು ಮಟ್ಟ ಪರೀಕ್ಷಿಸಿ. ಕಡಿಮೆಯಿದ್ದರೆ ಸದ್ದಿನ ಮೂಲ ಅಲ್ಲೇ ಇರಬಹುದು.

ಆಮೇಲೆ ನ್ಯೂಟ್ರಲ್‌ನಲ್ಲಿ ನಿಧಾನವಾಗಿ ಆಕ್ಸಿಲರೇಟರ್ ಕೊಡಿ. ಸದ್ದು ಜೊತೆಗೇ ಏರಿದರೆ ಎಂಜಿನ್ ಕಡೆ ಗಮನಿಸಿ. ಗಾಡಿ ಓಡುವಾಗ ಮಾತ್ರ ಬಂದರೆ ಚೈನು, ಚಕ್ರದ ಬೇರಿಂಗ್ ನೋಡಿಸಿ. ಎಂಜಿನ್ನಿನ ತಲೆಭಾಗದ ಟಿಕ್‌ಟಿಕ್ ಹೆಚ್ಚಾಗಿ ಟ್ಯಾಪೆಟ್‌ನದು. ಪಕ್ಕದಿಂದ ಕರಕರ ಎಂದರೆ ಟೈಮಿಂಗ್ ಚೈನು ಸಡಿಲವಾಗಿರಬಹುದು. ಫ್ಲೈಓವರಿನ ಏರಿನಲ್ಲಿ ಟಾಪ್ ಗೇರ್‌ನಲ್ಲೇ ಎಳೆದಾಗ ಟಣಟಣ ಬಡಿದರೆ ಗೇರ್ ಇಳಿಸಿ. ಆಗಲೂ ನಿಲ್ಲದಿದ್ದರೆ ತಡಮಾಡದೆ ತೋರಿಸಿ.

ಆದರೆ ಕೆಳಗಿನಿಂದ ದಬದಬ ಎಂಬ ಭಾರವಾದ ಬಡಿತ ಬಂದರೆ ಗಾಡಿಯನ್ನು ರಸ್ತೆ ಪಕ್ಕಕ್ಕೆ ತಂದು ಎಂಜಿನ್ ಆಫ್ ಮಾಡಿ. ಕ್ರ್ಯಾಂಕ್ ಬೇರಿಂಗ್ ಸವೆದಿರಬಹುದು. ತಳ್ಳಿಕೊಂಡು ಹೋದರೂ ಸರಿ, ಓಡಿಸಬೇಡಿ.

ಮೆಕ್ಯಾನಿಕ್ ಹತ್ತಿರ ‘ಸೌಂಡ್ ಬರ್ತಿದೆ’ ಎಂದಷ್ಟೇ ಹೇಳಿದರೆ ಸಾಲದು. ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಯಾವ ಗೇರ್‌ನಲ್ಲಿ, ಕ್ಲಚ್ ಹಿಡಿದರೆ ಬದಲಾಗುತ್ತದೆಯೇ ಎಂಬುದನ್ನೂ ತಿಳಿಸಿ. ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋದರೆ ಇನ್ನೂ ಒಳ್ಳೆಯದು.